ಹುಟ್ಟದ ಹಲ್ಲಿನ ಹಗೆ

ಹೋದ ತಿಂಗಳು ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅವರನ್ನು ‘ಕ್ಷಮಯಾ ಧರಿತ್ರಿ’ ಅಂದರು. ಯಾರ ಬಗ್ಗೆಯೂ ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಂಡವರಲ್ಲ ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಕೆಮ್ಮು ಬಂದವಳ ಹಾಗೆ ಮಾಡಿ ಎದ್ದು ಹೊರಗೆ ಹೋಗಬೇಕಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಸರಿ. ಆದರೆ ಅವರು ಬದುಕಿನಲ್ಲಿ ಬಹಳ ಶ್ರಮಪಟ್ಟು ಮಾಡಿದ ಕೆಲಸವೊಂದನ್ನು ಅಳಿಸಿಹಾಕುವುದು ಒಳ್ಳೆಯ ಮಾತಲ್ಲ. ಅವರು ಒಬ್ಬ ಮನುಷ್ಯನನ್ನು ದ್ವೇಷಿಸಿದರು. ಬೇರೆಯವರು ವ್ರತ ಮಾಡುವಷ್ಟು ಶ್ರದ್ಧೆಯಿಂದ ದ್ವೇಷಿಸಿದರು. ಅದನ್ನು ಹತ್ತಿರದಿಂದ ಕಂಡವಳು ನಾನು. ಹೆಸರು ಬರೆಯುವುದಿಲ್ಲ. ನಾನು ಅವರನ್ನು ಕರೆಯುತ್ತಿದ್ದದ್ದು ಅಕ್ಕ ಅಂತ. ಇಲ್ಲಿಯೂ ಹಾಗೇ ಇರಲಿ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ ಊರಿನ ಬೆರ್ರಿಯೆಸಾದ ಒಂದು ಅಪಾರ್ಟ್‌ಮೆಂಟಿನಲ್ಲಿ ಅವರದು ಕೆಳಮನೆ, ನಮ್ಮದು ಮೇಲ್ಮನೆ. ಅಕ್ಕ ಮಂಡ್ಯದ ಕಡೆಯವರು, ಮಳವಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಯಜಮಾನರಿಗೆ ಇಲ್ಲಿನ ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಶಾಲೆಯ ಕೆಲಸ ಬಿಟ್ಟು ಬಂದಿದ್ದರು. ಅವರ ಹತ್ತಿರ ಎರಡು ಕನ್ನಡಗಳಿದ್ದವು. ಹೊರಗಿನವರ ಮುಂದೆ ಮೇಷ್ಟರ ಕನ್ನಡ, ಮನೆಯೊಳಗೆ ಮಂಡ್ಯದ್ದು. ಕೋಪ ಬಂದಾಗ ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಸೆರಗಿನ ತುದಿಯನ್ನು ಕಿರುಬೆರಳಿಗೆ ಸುತ್ತಿಕೊಳ್ಳಲು ಶುರು ಮಾಡಿದರೆಂದರೆ ಎದುರಿಗಿದ್ದವರು ಮೆಲ್ಲಗೆ ಎದ್ದು ಹೋಗುವುದು ಕ್ಷೇಮ. ಯಜಮಾನರು ಹಾಗೆ ಎದ್ದು ಹೋಗಿ ನಮ್ಮ ಮನೆಯಲ್ಲಿ ಕಾಫಿ ಕುಡಿದದ್ದು ಎಷ್ಟೋ ಸಲ.

ಒಬ್ಬಳೇ ಮಗಳು, ಶೈಲು. ಕನ್ನಡದಲ್ಲಿ ಬೈದರೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳಿಗೆ ಒಂಬತ್ತು ವರ್ಷವಾದಾಗ ಮುಂದಿನ ಹಲ್ಲು ಒಂದು ಸ್ವಲ್ಪ ಓರೆ ಅನ್ನಿಸಿ ಸ್ಯಾನ್ ಮಟಿಯೋದಲ್ಲಿದ್ದ ಡಾಕ್ಟರ ಹತ್ತಿರ ಹೋದೆವು. ಅಕ್ಕನಿಗೆ ಆಗ ಡ್ರೈವಿಂಗ್ ಬರುತ್ತಿರಲಿಲ್ಲ. ನಾನೇ ಕರೆದುಕೊಂಡು ಹೋದದ್ದು. ಡಾಕ್ಟರು ನಮ್ಮವರೇ, ಬೆಂಗಳೂರಿನವರು, ಇಲ್ಲೇ ಓದಿ ಹಲ್ಲು ನೇರ ಮಾಡುವುದರಲ್ಲಿ ಹೆಸರು ಮಾಡಿದ್ದರು. ಕನ್ನಡ ಸಂಘದಲ್ಲಿ ಅವರಿಲ್ಲದೆ ದೀಪ ಬೆಳಗುತ್ತಿರಲಿಲ್ಲ. ನೋಡಲು ಲಕ್ಷಣವಾಗಿದ್ದರು, ನಗುವೂ ಚೆನ್ನಾಗಿತ್ತು, ಅದು ಅವರಿಗೂ ಗೊತ್ತಿತ್ತು.

ಶೈಲುವಿನ ಕೆಳಸಾಲಿನ ಮುಂದಿನ ನಾಲ್ಕು ಹಲ್ಲು ಬಿದ್ದು ಹೊಸವು ಹುಟ್ಟಿದ್ದವು. ಅವುಗಳ ಆಚೆ ಈಚೆ ಇದ್ದವೆಲ್ಲ ಇನ್ನೂ ಹಾಲುಹಲ್ಲು. ಡಾಕ್ಟರು ಕೈವಾರದಂಥ ಒಂದು ಸಾಧನದಿಂದ ಆ ನಾಲ್ಕು ಹಲ್ಲುಗಳ ಅಗಲ ಅಳೆದರು. ಗೋಡೆಗೆ ಹಾಕಿದ್ದ ಚಾರ್ಟಿನ ಮೇಲೆ ಬೆರಳು ಇಳಿಸಿ ಒಂದು ಕಡೆ ನಿಲ್ಲಿಸಿದರು.

“ನೋಡಿ, ಈ ನಾಲ್ಕು ಇಷ್ಟು ಅಗಲ ಇದ್ರೆ, ಒಸಡಿನ ಒಳಗಿಂದ ಇನ್ನು ಬರಬೇಕಾದವು ಇಷ್ಟು ಅಗಲ ಇರ್ತವೆ. ಇವಳ ದವಡೆಯಲ್ಲಿ ಅಷ್ಟು ಜಾಗ ಇಲ್ಲ. ಈಗಿಂದ ಒಂದೊಂದಾಗಿ ಹಾಲುಹಲ್ಲು ತೆಗೀತಾ ಬಂದು, ಆಮೇಲೆ ನಾಲ್ಕು ಪರ್ಮನೆಂಟ್ ಹಲ್ಲು ತೆಗೆದುಬಿಟ್ರೆ ಮಿಕ್ಕಿದ್ದು ಸಾಲಾಗಿ ಕೂತ್ಕೊಳತ್ತೆ.”

ಅಕ್ಕ ಮೇಷ್ಟರ ಕನ್ನಡದಲ್ಲಿ ಕೇಳಿದರು. “ಇನ್ನೂ ಹುಟ್ಟದೇ ಇರುವ ಹಲ್ಲಿನ ಅಳತೆ ಇವತ್ತೇ ಹೇಗೆ ಗೊತ್ತಾಗುತ್ತೆ, ಡಾಕ್ಟ್ರೇ?”

“ಲೆಕ್ಕ ಇದೆ. ಎಷ್ಟೋ ಮಕ್ಕಳ ಹಲ್ಲು ಅಳೆದು ಮಾಡಿರೋ ಚಾರ್ಟು ಇದು.”

“ಎಕ್ಸ್‌ರೇಯಲ್ಲಿ ಒಳಗಿನ ಹಲ್ಲು ಕಾಣುತ್ತಲ್ಲ, ಅದನ್ನೂ ಅಳೆದು ತಾಳೆ ನೋಡಬಹುದಲ್ವಾ? ಇಲ್ಲ ಒಂದು ವರ್ಷ ಕಾಯೋಣ. ಒಂದೆರಡು ಬರಲಿ.”

ಡಾಕ್ಟರು ನಕ್ಕರು. “ನೀವು ಮಂಡ್ಯದವರು ಅಂದ್ರಲ್ಲ? ಇದು ಕಬ್ಬಲ್ಲಮ್ಮ, ಬೆಳೀಲಿ ಆಮೇಲೆ ನೋಡೋಣ ಅನ್ನೋಕೆ. ಇದು ಸೈನ್ಸು. ಹಲ್ಲು ಹೇಗೆ ಬರತ್ತೆ ಅಂತ ನನಗೆ ಗೊತ್ತು.”

ಪಕ್ಕದಲ್ಲಿದ್ದ ಅಸಿಸ್ಟೆಂಟ್ ಹುಡುಗಿಗೆ ಕನ್ನಡ ತಿಳಿಯದು. ಆದರೂ ಡಾಕ್ಟರು ನಕ್ಕರೆಂದು ಅವಳೂ ನಕ್ಕಳು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು.  ಮನೆಯಲ್ಲಿ ಯಜಮಾನರು “ಅಷ್ಟು ಓದಿದವರು ಹೇಳ್ತಾರೆ ಅಂದ್ಮೇಲೆ” ಅಂದರು. ಹಲ್ಲು ತೆಗೆಸುವ ಕೆಲಸ ಶುರುವಾಯಿತು. ಮೊದಲು ಹಾಲುಹಲ್ಲು, ಆಮೇಲೆ ಒಸಡಿನಿಂದ ಆಗತಾನೇ ಇಣುಕಿದ ಗಟ್ಟಿ ಹಲ್ಲು ನಾಲ್ಕು, ಮೇಲೆರಡು ಕೆಳಗೆರಡು.

ಆಮೇಲೆ ಮಿಕ್ಕವು ಹುಟ್ಟಿದವು. ಸಣ್ಣ ಹಲ್ಲುಗಳು. ಅಚ್ಚುಕಟ್ಟಾಗಿ, ಒಂದಕ್ಕೊಂದು ಒತ್ತದೆ ಬಂದವು. ಅವಕ್ಕೆಲ್ಲ ಬೇಕಾದಷ್ಟು ಜಾಗವಿತ್ತು. ಕಿತ್ತ ನಾಲ್ಕೂ ಕಡೆ ಸಂದು ಹಾಗೇ ಉಳಿದು, ಅವಳು ನಕ್ಕರೆ ಕೋರೆಹಲ್ಲಿನ ಹಿಂದೆ ಕಪ್ಪು ಕಾಣುತ್ತಿತ್ತು. ಶಾಲೆಯಲ್ಲಿ ಮಕ್ಕಳು ಏನೋ ಅಂದರಂತೆ. ಶೈಲು ತುಟಿ ಮುಚ್ಚಿ ನಗುವುದನ್ನು ಕಲಿತಳು.

ಡಾಕ್ಟರನ್ನು ಕೇಳಿದಾಗಲೂ ನಾನು ಜೊತೆಗಿದ್ದೆ. “ನೇಚರ್ ಒಂದೊಂದ್ಸಲ ಹೀಗೆ ಸರ್‌ಪ್ರೈಸ್ ಕೊಡತ್ತೆ,” ಅಂದರು. “ವೈರ್ ಹಾಕಿ ಎಳೆದು ಸಂದು ಮುಚ್ಚೋಣ ಬಿಡಿ.” ಅಕ್ಕ ಸ್ಯಾನ್ ಹೋಸೆಯ ಬೇರೊಬ್ಬ ಹಲ್ಲಿನ ಡಾಕ್ಟರ ಹತ್ತಿರ ಹೋದರು. ಆಕೆ ವಯಸ್ಸಾದ ಬಿಳಿಯ ಹೆಂಗಸು, ಮಾತು ಕಡಿಮೆ. ಆ ಚಾರ್ಟು ಯುರೋಪಿನ ಮೂಲದ ಮಕ್ಕಳ ಬಾಯಿ ಅಳೆದು ಮಾಡಿದ್ದು, ಬೇರೆ ಜನರ ಮಕ್ಕಳಿಗೆ ಅದು ಹಾಗೇ ಹೊಂದಬೇಕೆಂದಿಲ್ಲ, ಅದೊಂದು ಅಂದಾಜು ಮಾತ್ರ, ಎಕ್ಸ್‌ರೇ ಜೊತೆ ತಾಳೆ ನೋಡದೆ ಅದೊಂದನ್ನೇ ನಂಬಿ ಹಲ್ಲು ಕೀಳಬಾರದು ಅಂದರು. ಅಂದರೆ ಅಕ್ಕ ಅವತ್ತು ಕೇಳಿದ ಪ್ರಶ್ನೆ ಸರಿಯಾಗಿತ್ತು.

ವಾಪಸ್ಸು ಬರುವಾಗ ಕಾರಿನಲ್ಲಿ ಅವರು ಮಂಡ್ಯದ ಮಾತಿಗೆ ಇಳಿದರು. “ಜೋಯಿಸ ಕಣಮ್ಮಿ ಅಂವ. ಹಲ್ಲಿನ ಜೋಯಿಸ. ಹುಟ್ಟದೇ ಇರೋದ್ಕೆ ಜಾತಕ ಬರ್ದವ್ನೆ.”

ಅಲ್ಲಿಂದ ಶುರು. ಮತ್ತೆ ಸ್ಯಾನ್ ಮಟಿಯೋಗೆ ಹೋಗಿ, ಅಕ್ಕ ತಮಗೆ ಬೇಕಾದದ್ದನ್ನು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿದರು. “ನಿಮ್ಮ ವೈರ್ ಬೇಡ. ನಮ್ಮ ಜನ ಸೇರಿದ ಕಡೆ, ಎಲ್ಲರ ಮುಂದೆ ಒಂದು ಮಾತು ಹೇಳಿ. ‘ನನಗೆ ಗೊತ್ತಿರಲಿಲ್ಲ, ಗೊತ್ತು ಅಂದೆ’ ಅಂತ.”

“ಏನಮ್ಮ, ಇದೇನು ಕೋರ್ಟಾ?”

“ಕೋರ್ಟಿಗೆ ಹೋಗಲ್ಲ ನಾನು. ಅಲ್ಲಿ ನಿಮ್ಮ ಪರವಾಗಿ ಬೇರೆಯವರು ಮಾತಾಡ್ತಾರೆ. ನನಗೆ ನಿಮ್ಮ ಬಾಯಿಂದ ಬೇಕು.”

ಡಾಕ್ಟರು ಮುಂದಿನ ಪೇಷೆಂಟನ್ನು ಕರೆದರು.

ಅಕ್ಕ ಆ ವಾರವೇ ನನ್ನ ಹತ್ತಿರ ಡ್ರೈವಿಂಗ್ ಕಲಿಯಲು ಕೂತರು. ಯಾಕೆ ಅಂತ ನಾನು ಕೇಳಲಿಲ್ಲ. ಕಲಿಸುವುದು ಸುಲಭವಿರಲಿಲ್ಲ. ಫ್ರೀವೇಯಲ್ಲಿ ನಿಧಾನದವರ ಬಲಗಡೆಯ ಲೇನು ಬಿಟ್ಟು ಕದಲುತ್ತಿರಲಿಲ್ಲ. ಹಿಂದಿನವರು ಹಾರ್ನ್ ಮಾಡಿದರೆ “ಹೋಗಪ್ಪ, ನಿಂಗೇ ಅರ್ಜೆಂಟು, ನಂಗಿಲ್ಲ” ಅನ್ನುತ್ತಿದ್ದರು. ಲೈಸೆನ್ಸು ಬಂದ ಮೊದಲ ಶನಿವಾರ ಶೈಲುವನ್ನು ಕೂರಿಸಿಕೊಂಡು ಸ್ಯಾನ್ ಮಟಿಯೋಗೆ ಹೊರಟರು. ಡಾಕ್ಟರ ವೇಟಿಂಗ್ ರೂಮಿನಲ್ಲಿ ಕೂತರು. ಆಮೇಲೆ ಪ್ರತಿ ಶನಿವಾರವೂ ಅದೇ. ಕೋಡುಬಳೆಯ ಡಬ್ಬಿ ತೆಗೆದು ಪಕ್ಕದ ತಾಯಂದಿರಿಗೆ ಕೊಟ್ಟು, ನಯವಾಗಿ ಮಾತಿಗೆ ಎಳೆದು, ಕೊನೆಗೆ ಮಗಳ ಕಡೆ ತಿರುಗಿ “ಶೈಲು, ಒಂಚೂರು ಬಾಯಿ ತೆಗಿ” ಅನ್ನುತ್ತಿದ್ದರು. ಶೈಲು ತೆಗೆಯುತ್ತಿದ್ದಳು. ಅಕ್ಕ ಅದರ ಮೇಲೆ ಒಂದು ಮಾತನ್ನೂ ಸೇರಿಸುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಕೆಲವು ಶನಿವಾರ ಹೀಗೆ ನಡೆದ ಮೇಲೆ ಡಾಕ್ಟರು ಅವರು ಬರಕೂಡದೆಂದು ರಿಸೆಪ್ಷನಿಸ್ಟ್ ಕೈಲಿ ಹೇಳಿಸಿದರು. ಅಕ್ಕ ಭಾನುವಾರಗಳಿಗೆ ಬದಲಾಯಿಸಿಕೊಂಡರು. ಲಿವರ್‌ಮೋರ್ ದೇವಸ್ಥಾನಕ್ಕೆ ಡಾಕ್ಟರು ತಪ್ಪದೆ ಬರುತ್ತಿದ್ದರು. ಅಕ್ಕ ಪ್ರಸಾದದ ಸಾಲಿನಲ್ಲಿ ಮಕ್ಕಳಿದ್ದವರ ಹಿಂದೆಯೇ ನಿಲ್ಲುತ್ತಿದ್ದರು. “ಮಗೂಗೆ ಎಷ್ಟು ವರ್ಷ? ಎಂಟಾ? ಜೋಯಿಸರ ಹತ್ರ ತೋರ್ಸಿಲ್ಲ ತಾನೆ?” ಯಾವ ಜೋಯಿಸರು ಅಂತ ಅವರು ಕೇಳಿದರೆ ಗಲ್ಲ ಎತ್ತಿ ಡಾಕ್ಟರ ಕಡೆ ತೋರಿಸುತ್ತಿದ್ದರು. ವರ್ಷದೊಳಗೆ ನಮ್ಮ ಜನ ಡಾಕ್ಟರಿಗೆ ‘ಜೋಯಿಸರು’ ಅಂತಲೇ ಹೆಸರಿಟ್ಟಿದ್ದರು. ಅವರ ಹಿಂದೆ ಹಾಗೇ ಕರೆಯುತ್ತಿದ್ದರು. ಒಂದು ಸಲ ಮೈಕಿನಲ್ಲಿ ಯಾರೋ ಬಾಯಿ ತಪ್ಪಿ ಅಂದೂಬಿಟ್ಟರು. ಕನ್ನಡದ ಮಕ್ಕಳು ಆ ಕ್ಲಿನಿಕ್ಕಿಗೆ ಹೋಗುವುದು ನಿಂತಿತು. ಇದೆಲ್ಲ ನೋಡಿ ನನಗೆ ಸಂತೋಷವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

“ಅಷ್ಟು ಕೋಪ ಇದ್ದೂ ಒಂದಿನಾನೂ ಅತ್ತಿದ್ದು ನೋಡಿಲ್ಲ ನಾನು, ಅಕ್ಕ,” ಅಂತ ಒಮ್ಮೆ ಕೇಳಿದ್ದೆ.

ಅವರು ಮಾವಿನಮಿಡಿ ಸಿಗದೆ ನಿಂಬೆಹಣ್ಣಿನಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದರು. “ಹಗೆನೂ ಉಪ್ಪಿನಕಾಯಿ ಇದ್ದಂಗೆ ಕಣಮ್ಮಿ. ಒದ್ದೆ ಕೈ ಹಾಕುದ್ರೆ ಬೂಜು ಬತ್ತದೆ.”

ಸಂಘದ ಅಧ್ಯಕ್ಷರು ರಾಜಿ ಮಾಡಿಸಲು ಬಂದರು. ಕಾಫಿ ಕುಡಿದರು, ಹವಾಮಾನ ಮಾತಾಡಿದರು, ಆಮೇಲೆ “ತಾಯೀ, ದೊಡ್ಡ ಮನಸ್ಸು ಮಾಡಬೇಕು” ಅಂದರು. ಅಕ್ಕ ಲೋಟ ಎತ್ತಿಕೊಳ್ಳುತ್ತ ಹೇಳಿದರು. “ನಮ್ಮ ಮನೇಲಿ ಎಲ್ಲಾರ್ದೂ ಚಿಕ್ಕದೇ ಸ್ವಾಮಿ. ಜಾಗ ಸಾಲಲ್ಲ ಅಂತ ನಿಮ್ಮ ಡಾಕ್ಟ್ರೇ ಅಳತೆ ಮಾಡಿ ಹೇಳಿದಾರೆ.”

ಆದರೆ ಈ ಹಗೆಗೆ ಒಂದು ಸಾಕ್ಷಿ ಬೇಕಿತ್ತು, ಆ ಸಾಕ್ಷಿ ಶೈಲುವಿನ ಬಾಯಲ್ಲಿತ್ತು. ಸ್ಯಾನ್ ಹೋಸೆಯ ಆ ಹಿರಿಯ ಡಾಕ್ಟರು ಸಂದು ಮುಚ್ಚಿಕೊಡುತ್ತೇನೆಂದು ಮೊದಲ ದಿನವೇ ಹೇಳಿದ್ದರು. ಅಕ್ಕ “ಆಮೇಲೆ” ಅಂದಿದ್ದರು. ಯಜಮಾನರು ಕೇಳಿದಾಗ “ಅಂವ ಹೇಳ್ಲಿ, ಆಮೇಕೆ” ಅಂದರು. ಶೈಲುಗೆ ಹನ್ನೆರಡಾಯಿತು, ಹದಿಮೂರಾಯಿತು. ಫೋಟೋಗಳಲ್ಲಿ ಅವಳು ಹಿಂದಿನ ಸಾಲಿಗೆ ಸರಿದಳು.

ಅವಳಿಗೆ ಹದಿನಾಲ್ಕಾದ ವರ್ಷದ ಯುಗಾದಿ. ಒಂದು ಶಾಲೆಯ ಹಾಲಿನಲ್ಲಿ ಕಾರ್ಯಕ್ರಮ. ಡಾಕ್ಟರೇ ಮುಖ್ಯ ಅತಿಥಿ. ಅಕ್ಕ ಆ ಸಲ ತಾವಾಗಿ ಕಮಿಟಿ ಸೇರಿ, ಪ್ರಾರ್ಥನೆಗೆ ಶೈಲುವಿನ ಹೆಸರು ಕೊಟ್ಟಿದ್ದರು. ಹುಡುಗಿ ಚೆನ್ನಾಗಿ ಹಾಡುತ್ತಿದ್ದಳು, ಯಾರೂ ಬೇಡವೆನ್ನಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ತುದಿಗೆ ಡಾಕ್ಟರು, ಇನ್ನೊಂದು ತುದಿಗೆ ಅಕ್ಕ. ಬಾಯಿ ಅಗಲಿಸಿ ಹಾಡುವ ಮಗಳು, ಮೇಲಿಂದ ಬೆಳಕು, ಎದುರಿಗೆ ಊರಿನವರೆಲ್ಲ. ಅದು ಅಕ್ಕನ ಲೆಕ್ಕ.

ಶೈಲು ಮೈಕಿನ ಮುಂದೆ ಬಂದು ನಿಂತಳು. ಶ್ರುತಿ ಶುರುವಾಯಿತು. ಅವಳು ಡಾಕ್ಟರನ್ನು ನೋಡಿದಳು, ಅಮ್ಮನನ್ನು ನೋಡಿದಳು, ತುಟಿ ಬಿಗಿದು ಹಾಗೇ ನಿಂತಳು. ಆಮೇಲೆ ಇಳಿದು ಹಾಲಿನ ನಡುವೆಯೇ ನಡೆದು ಹೊರಗೆ ಹೋದಳು. ಶ್ರುತಿ ಪೆಟ್ಟಿಗೆ ಒಂದೇ ಮೊಳಗುತ್ತಿತ್ತು.

ಪಾರ್ಕಿಂಗ್ ಲಾಟಿನಲ್ಲಿ ಕಾರಿಗೆ ಒರಗಿ ನಿಂತಿದ್ದ ಅವಳ ಹತ್ತಿರ ಅಕ್ಕ ಹೋದರು, ಹಿಂದೆ ನಾನು.

“ಯಾಕೆ ಕಂದ, ಭಯ ಆಯ್ತಾ?”

“ನೋ,” ಅಂದಳು ಶೈಲು. “ಇಟ್ಸ್ ಮೈ ಮೌತ್, ಅಮ್ಮ.” ಆಮೇಲೆ, ನಾನು ಅವಳಿಂದ ಯಾವತ್ತೂ ಕೇಳಿರದಷ್ಟು ಉದ್ದಕ್ಕೆ, ಕಷ್ಟಪಟ್ಟು ಕನ್ನಡದಲ್ಲಿ ಹೇಳಿದಳು. “ನೀನು ನನ್ನ ನೋಡಲ್ಲ. ಹೋಲ್ಸ್ ನೋಡ್ತೀಯ. ಇದು ಮುಚ್ಚಿದ್ರೆ ನಿಂಗೆ ಬೇಜಾರು ಆಗತ್ತೆ. ಅವ್ರು ಸಾರಿ ಹೇಳಬೇಕು ಅಂತೀಯಲ್ಲ, ನೀನೂ ಹೇಳು.”

ಅಕ್ಕನ ಕೈ ಸೆರಗಿಗೆ ಹೋಯಿತು. ನಾನು ಹೆದರಿದೆ. ಆದರೆ ಅವರು ಸೆರಗನ್ನು ಬೆರಳಿಗೆ ಸುತ್ತಲಿಲ್ಲ, ಅದರಿಂದ ಮಗಳ ಮುಖ ಒರೆಸಿದರು. ರೇಷ್ಮೆ ಸೀರೆಯುಟ್ಟವರು ಪಕ್ಕದಲ್ಲೇ ಓಡಾಡುತ್ತಿದ್ದರು. ದನಿ ತಗ್ಗಿಸದೆ, ಎಲ್ಲರಿಗೂ ಕೇಳುವ ಹಾಗೆ ಅಕ್ಕ ಹೇಳಿದರು. “ನಿಂಗೆ ಏನು ಬೇಕು ಅಂತ ನಂಗೆ ಗೊತ್ತು ಅನ್ಕಂಡಿದ್ದೆ. ಗೊತ್ತಿರ್ಲಿಲ್ಲ. ತಪ್ಪಾಯ್ತು ಕಣವ್ವ.”

ಮರುದಿನವೇ ಸ್ಯಾನ್ ಹೋಸೆಯ ಡಾಕ್ಟರಿಗೆ ಫೋನು ಮಾಡಿದರು. ವೈರು ಬಿತ್ತು. ಶೈಲು ಸೇಬು ತಿನ್ನಲಾಗದೆ ಗೊಣಗುವುದನ್ನು ಕೇಳುತ್ತ ಅಕ್ಕ ಹೋಳು ಹೆಚ್ಚಿ ಕೊಡುತ್ತಿದ್ದರು. ನಿಧಾನವಾಗಿ ಸಂದುಗಳು ಮುಚ್ಚಿಕೊಂಡವು.

ಸಾಕ್ಷಿ ಹೋಯಿತು, ಇನ್ನು ಹಗೆಯೂ ಹೋಗುತ್ತದೆ ಅಂದುಕೊಂಡೆ. ಅಕ್ಕನನ್ನು ನಾನು ಅಷ್ಟು ಕಡಿಮೆ ಅರಿತಿದ್ದೆ. “ನೋಡ್ದಲ್ಲ ಅಮ್ಮಿ ಅವತ್ತು,” ಅಂದರು ಒಂದು ದಿನ. “ಆ ಮಾತು ಹೇಳಕ್ಕೆ ನಂಗೆ ಏಟೊತ್ತು ಹಿಡೀತು? ಕಾರಿನ ಬಾಗ್ಲು ತೆಗ್ಯೋವಷ್ಟು. ಮೊದ್ಲು ಅನ್ಕಂಡಿದ್ದೆ, ಅದು ಭಾರೀ ಕಷ್ಟದ ಮಾತಿರ್ಬೇಕು, ಅದ್ಕೇ ಅಂವನ ಬಾಯಿಗೆ ಬರಾಕಿಲ್ಲ ಅಂತ. ಕಷ್ಟ ಏನೂ ಇಲ್ಲ ಕಣೆ. ಹಂಗಾರೆ ಅಂವ ಹೇಳ್ದೇ ಇರೋದು ಕಷ್ಟಕ್ಕಲ್ಲ, ಕೊಬ್ಬಿಗೆ.” ಮಗಳ ಮುಂದೆ ತಲೆ ತಗ್ಗಿಸಿದ್ದರಿಂದ ಅವರ ಹಗೆ ಮೆತ್ತಗಾಗಲಿಲ್ಲ, ಅದಕ್ಕೆ ಹೊಸ ಆಧಾರ ಸಿಕ್ಕಿತು. ಒಂದೇ ವ್ಯತ್ಯಾಸವೆಂದರೆ ಅಲ್ಲಿಂದ ಮುಂದೆ ಶೈಲುವನ್ನು ಜೊತೆಗೆ ಕರೆದೊಯ್ಯಲಿಲ್ಲ. ಲಿವರ್‌ಮೋರಿಗೆ ಒಬ್ಬರೇ ಹೋಗುತ್ತಿದ್ದರು. ಡಾಕ್ಟರು ಪ್ರದಕ್ಷಿಣೆ ಹಾಕುವಾಗ ಎದುರು ಬಂದು ನಿಂತು, ಮುಖ ನೋಡಿ, ದಾರಿ ಬಿಡುತ್ತಿದ್ದರು. ಡಾಕ್ಟರು ಆಮೇಲಾಮೇಲೆ ಪ್ರದಕ್ಷಿಣೆಯನ್ನೇ ಬಿಟ್ಟರು.

ದಶಕ ಮುಗಿಯುವ ಹೊತ್ತಿಗೆ ಒಂದು ರಾಜ್ಯೋತ್ಸವದಲ್ಲಿ ಡಾಕ್ಟರಿಗೆ ಸನ್ಮಾನವಿತ್ತು. ಶಾಲು ಹೊದಿಸಿದ ಮೇಲೆ ಅವರು ಮಾತಾಡಿದರು. ಕೊನೆಗೆ ಸ್ವಲ್ಪ ತಡೆದು, “ನನ್ನಿಂದಲೂ ತಪ್ಪುಗಳಾಗಿರಬಹುದು, ಯಾರಿಗಾದರೂ ನೋವಾಗಿದ್ದರೆ…” ಅಂದರು.

ಅಕ್ಕ ಎದ್ದು ನಿಂತರು. “ಯಾವ ತಪ್ಪು, ಡಾಕ್ಟ್ರೇ? ಯಾರ ಬಾಯಲ್ಲಿ?”

 ಡಾಕ್ಟರು ಭಾಷಣದ ಹಾಳೆ ಮಡಿಸಿ ಕೆಳಗಿಟ್ಟರು. ಅವರಿಗೂ ಸಾಕಾಗಿತ್ತೋ ಏನೋ. “ನಿಮ್ಮ ಮಗಳ ಬಾಯಲ್ಲಿ,” ಅಂದರು. “ನೀವು ಕಾಯೋಣ ಅಂದ್ರಿ. ನಾನು ನಕ್ಕೆ. ನನಗೆ ಗೊತ್ತಿರಲಿಲ್ಲ, ಗೊತ್ತು ಅಂದೆ.”

ಅಕ್ಕ ಕೇಳಿದ ಮಾತು ಅಕ್ಷರ ತಪ್ಪದೆ ಬಂದಿತ್ತು. ಅವರು ಏನು ಮಾಡುತ್ತಾರೋ ಅಂತ ನಾನು ಅವರ ಕಡೆ ತಿರುಗಿದೆ. ಅಷ್ಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ. ಕೆಲವರು ಎದ್ದು ನಿಂತು ತಟ್ಟಿದರು. ಎಂಥ ದೊಡ್ಡ ಮನುಷ್ಯ, ಸಭೆಯಲ್ಲಿ ತಪ್ಪು ಒಪ್ಪಿಕೊಂಡನಲ್ಲ ಅಂತ ನನ್ನ ಪಕ್ಕದವರು ಕಣ್ಣೊರೆಸಿಕೊಂಡರು. ಅಧ್ಯಕ್ಷರು ಓಡಿ ಬಂದು ಡಾಕ್ಟರಿಗೆ ಇನ್ನೊಂದು ಹಾರ ಹಾಕಿದರು.

ಅಕ್ಕ ಸೆರಗು ಹೊದ್ದು ಹೊರಗೆ ನಡೆದರು. ಕಾರು ಶುರು ಮಾಡುತ್ತ ನನಗೆ ಹೇಳಿದರು. “ತಪ್ಪು ಮಾಡಿದ್ಕೆ ಶಾಲು, ಒಪ್ಕಂಡಿದ್ಕೆ ಹಾರ. ನನ್ನ ಮಗಳು ಬಾಯಿ ಮುಚ್ಕಂಡು ಕಳ್ದ ವರ್ಷಗಳಿಗೆ ಯಾರಾದ್ರೂ ಚಪ್ಪಾಳೆ ತಟ್ಟುದ್ರಾ?”  ಅವರು ಕ್ಷಮಿಸಿದರೆಂದು ಜನ ನಂಬಿದ್ದು ಆ ಸಂಜೆಯಿಂದ. ಅವರು ಯಾರನ್ನೂ ತಿದ್ದಲು ಹೋಗಲಿಲ್ಲ. ಪ್ರಸಾದದ ಸಾಲಿನಲ್ಲಿ ಮಾತ್ರ ಎಂಟು ವರ್ಷದ ಮಕ್ಕಳ ತಾಯಂದಿರನ್ನು ಹುಡುಕುವುದು ನಿಲ್ಲಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಡಾಕ್ಟರು ತೀರಿಕೊಂಡರು. ಸುದ್ದಿ ತಿಳಿದು ಅಕ್ಕನಿಗೆ ನಾನೇ ಫೋನು ಮಾಡಿದೆ.  “ಆವಮ್ಮ, ಅಂವನ ಹೆಂಡ್ತಿ, ಒಬ್ಳೇ ಅವ್ಳಾ ಮನೇಲಿ?” ಅಂತ ಕೇಳಿದರು. ಮಕ್ಕಳು ಬರಲು ಎರಡು ದಿನವಾಗುತ್ತದೆ ಅಂದೆ.

ಅನ್ನ, ಬಸ್ಸಾರು, ಪಲ್ಯ ಮಾಡಿಕೊಂಡು ಬಂದು ನನ್ನನ್ನೂ ಕರೆದುಕೊಂಡು ಹೋದರು, ಅದೇ ಬಲಗಡೆಯ ಲೇನಿನಲ್ಲಿ. ಡಾಕ್ಟರ ಹೆಂಡತಿ ಬಾಗಿಲು ತೆಗೆದು ಅಕ್ಕನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದರು. ಅಕ್ಕ ನೇರ ಅಡುಗೆಮನೆಗೆ ಹೋಗಿ ತಟ್ಟೆ ಹುಡುಕಿ ಬಡಿಸಿದರು. ಆಕೆ ಉಣ್ಣುವವರೆಗೂ ಎದುರಿಗೆ ಕೂತರು.

“ಆಮೇಲೆ ಅವ್ರು ಎಕ್ಸ್‌ರೇ ಅಳೀದೆ ಒಂದು ಮಗೂನ ಹಲ್ಲೂ ತೆಗೀಲಿಲ್ಲ,” ಅಂದರು ಆಕೆ, ತಟ್ಟೆ ನೋಡುತ್ತ. “ನಿಮಗೆ ಹೇಳಬೇಕು ಅಂತಿತ್ತು.”

“ಒಳ್ಳೇದಾಯ್ತು,” ಅಂದರು ಅಕ್ಕ. “ಇನ್ನೊಂಚೂರು ಸಾರು ಹಾಕಿಸ್ಕೊಳ್ಳಿ.”

ಪಕ್ಕದ ಕೋಣೆಯಲ್ಲಿ ಡಾಕ್ಟರ ಫೋಟೋ ಇಟ್ಟು ದೀಪ ಹಚ್ಚಿದ್ದರು. ಹೊರಡುವಾಗ ಆಕೆ ಆ ಕಡೆ ಕೈ ತೋರಿಸಿ, “ಒಂದು ಹೂವು ಹಾಕಿ ಹೋಗ್ತೀರಾ?” ಅಂದರು.

ಅಕ್ಕ ಖಾಲಿ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡರು. ಆಕೆಯ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟರು.

“ನಾನು ಊಟ ತಂದಿದ್ದೆ, ತಾಯಿ. ಹೂವು ತಂದಿಲ್ಲ.”